ಬಿಕ್ಕಲಂ ತೀರ್ಥಪ್ಪ

"ಈ ಸಲ ತಪ್ಪಿಸ್ಕೊಳ್ಳೋ ಹಂಗಿಲ್ಲ ತೀರ್ಥಪ್ನೋರೇ, ಬರೀಲೇಬೇಕು," ಎನ್ನುತ್ತಾ ಎಲೆ ಕೆಂಚಪ್ಪ ಬುಟ್ಟಿಯೊಳಗೆ ಮೊಣಕೈವರೆಗೂ ಕೈ ಇಳಿಸಿದ. ವೀಳ್ಯದೆಲೆ ಕಟ್ಟುಗಳ ಅಡಿಯಿಂದ, ಈಯುವ ಹಸುವಿನಿಂದ ಕರು ಎಳೆಯುವವನ ಎಚ್ಚರಿಕೆಯಲ್ಲಿ, ಒಂದು ಪುಸ್ತಕವನ್ನು ಈಚೆಗೆ ತೆಗೆದ. ಕಂದು ಕಾಗದದ ಹೊದಿಕೆ, ಅದರ ಮೇಲೆ ಗೊಬ್ಬರದ ಚೀಲದ ಪ್ಲಾಸ್ಟಿಕ್ಕು, ಅದರ ಮೇಲೆ ಬಾಳೆನಾರು. "ತಗಳಿ. ಮುಂದಿನ ಸಂತೆಗೆ ನಾನು ಬರೋ ಹೊತ್ಗೆ ರೆಡಿ ಇರ್ಬೇಕು. ಹೊಗೆಸೊಪ್ಪು ಆಗ್ಲೇ ಕೇಳ್ತಾ ಇತ್ತು, ತೊಟ್ಟು ಇನ್ನೂ ಹಸಿರಾಗೈತಾ ಒಣಗ್ಹೋಯ್ತಾ ಅಂತ."

ತೀರ್ಥಪ್ಪ ಪುಸ್ತಕವನ್ನು ಪಂಚೆಯ ಮಡಿಲಿಗೆ ಹಾಕಿಕೊಂಡು ಸುತ್ತಮುತ್ತ ನೋಡಿದ. ತರೀಕೆರೆಯ ತಾಲ್ಲೂಕು ಕಚೇರಿಯ ಎದುರಿನ ಹೊಂಗೆಮರದ ಕೆಳಗೆ ಅವನ ಮೇಜು, ಒಂದು ಸ್ಟೂಲು, ಇಂಕ್ ಪ್ಯಾಡು. ಇಪ್ಪತ್ತಾರು ವರ್ಷದಿಂದ ಅಲ್ಲಿ ಕೂತು ಅರ್ಜಿ ಬರೆಯುತ್ತಿದ್ದವನು ಅವನು. ಖಾತೆ ಬದಲಾವಣೆ, ಬಾವಿಯ ತಕರಾರು, ಕಳೆದುಹೋದ ರೇಷನ್ ಕಾರ್ಡು, ಮುರಿದುಹೋದ ಬೇಲಿ, ಯಾವುದೇ ಆಗಲಿ, ಎದುರು ಕೂತವರು ಅತ್ತು ಕರೆದು ಅರ್ಧ ಗಂಟೆ ಹೇಳಿದ್ದನ್ನು ಹನ್ನೆರಡು ಸಾಲಿಗೆ ಇಳಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅಮಲ್ದಾರರೇ ಒಮ್ಮೆ, "ತೀರ್ಥಪ್ಪ ಬರೆದ ಅರ್ಜೀನ ತಿರಸ್ಕರಿಸೋಕೆ ಮನಸ್ಸು ಬರಲ್ಲ, ಆದ್ರೂ ತಿರಸ್ಕರಿಸ್ತೀನಿ" ಎಂದಿದ್ದರಂತೆ. ಆ ಮಾತನ್ನು ಅವನು ಪದವಿಯ ಹಾಗೆ ಇಟ್ಟುಕೊಂಡಿದ್ದ.

ಪುಸ್ತಕದ ಸಂಗತಿ ಬೇರೆ. ಕಡೂರು, ಬೀರೂರು, ಅಜ್ಜಂಪುರ, ತರೀಕೆರೆ, ಈ ನಾಲ್ಕು ಊರಿನ ಒಂಬತ್ತು ಜನ ಸೇರಿ ಎಂಟು ವರ್ಷದಿಂದ ಒಂದು ಉದ್ದನೆಯ ನೋಟುಬುಕ್ಕಿನಲ್ಲಿ ಚರ್ಚೆ ಮಾಡುತ್ತಿದ್ದರು. ಒಬ್ಬರು ಒಂದು ಪ್ರಶ್ನೆ ಎತ್ತಿ ಬರೆಯುವುದು, ಪುಸ್ತಕ ಮುಂದಿನವರ ಮನೆಗೆ ಹೋಗುವುದು, ಅವರು ಅದರ ಕೆಳಗೆ ತಮ್ಮ ಅಭಿಪ್ರಾಯ ಬರೆಯುವುದು, ಹೀಗೆ ಸುತ್ತುವುದು. ಅಂಚೆಗೆ ಹಾಕಿದರೆ ಖರ್ಚು ಅಂತ ಸಂತೆಯಿಂದ ಸಂತೆಗೆ ಎಲೆ ಮಾರುವ ಕೆಂಚಪ್ಪನ ಬುಟ್ಟಿಗೆ ಹಾಕಿದ್ದರು. ಹಾಗಾಗಿ ಪ್ರತಿ ಹಾಳೆಗೂ ಎಲೆಯ ವಾಸನೆ, ಅಂಚಿನಲ್ಲಿ ನೀರಿನ ಕಲೆ. ಬುಟ್ಟಿಯ ಋಣಕ್ಕೆ ಸದಸ್ಯರೆಲ್ಲ ತಾಂಬೂಲದ ಹೆಸರೇ ಇಟ್ಟುಕೊಂಡಿದ್ದರು. ಕಡೂರಿನ ನಿವೃತ್ತ ಹೆಡ್‌ಮಾಸ್ಟರು ಸೋಮಶೇಖರಪ್ಪನವರು ಕೆಂಪು ಶಾಯಿಯಲ್ಲಿ ಎಲ್ಲರನ್ನೂ ತಿದ್ದುವ ಸುಣ್ಣ. ಬೀರೂರಿನ ಕೊಬ್ಬರಿ ಮಂಡಿಯ ಕಲ್ಲೇಶಪ್ಪ ಹೊಗೆಸೊಪ್ಪು. ಬಾಯಿಗೆ ಹಾಕಿಕೊಂಡವರಿಗೆ ತಲೆ ಸುತ್ತು ಖಾತ್ರಿ. ಅಜ್ಜಂಪುರದ ಟೀಚರು ವಿಮಲಮ್ಮ ಏಲಕ್ಕಿ. ಹೊಸಬನಾಗಿ ಸೇರಿದವನು ಮಾತ್ರ, ಖಾಯಂ ಆಗುವ ತನಕ, ತೊಟ್ಟು. ಎಲೆ ಹಾಕುವ ಮೊದಲು ಮುರಿದು ಎಸೆಯುತ್ತಾರಲ್ಲ, ಅದು.

ಮೊದಲ ಹಾಳೆಯಲ್ಲಿ ನಿಯಮಗಳಿದ್ದವು. ಹೊಸಬರು ಒಂದು ಸುತ್ತು ಬರೀ ಓದತಕ್ಕದ್ದು, ಬರೆಯತಕ್ಕದ್ದಲ್ಲ. ಎರಡನೇ ಸುತ್ತಿಗೆ ಬರೆಯತಕ್ಕದ್ದು. ಬರೆದದ್ದು ಸ್ವಂತದ್ದಾಗಿರತಕ್ಕದ್ದು. ಅದಕ್ಕೆ ಮೂವರಾದರೂ ಉತ್ತರ ಕೊಡದಿದ್ದರೆ, ಪುಸ್ತಕ ಮುಂದೆ ಅವರ ಮನೆಯನ್ನು ದಾಟಿ ಹೋಗತಕ್ಕದ್ದು. ಇದಕ್ಕೆ 'ತೊಟ್ಟು ಮುರಿಯುವುದು' ಎನ್ನುತ್ತಿದ್ದರು. ಹೋದ ವರ್ಷ ಕಡೂರಿನ ಒಬ್ಬ ಬ್ಯಾಂಕಿನವರು ಬ್ರಹ್ಮಚರ್ಯದ ಮೇಲೆ ಹನ್ನೊಂದು ಪುಟ ಬರೆದಿದ್ದರು. ಅದರ ಕೆಳಗೆ ಇದ್ದದ್ದು ಹೊಗೆಸೊಪ್ಪಿನ ಒಂದೇ ಸಾಲು: "ಮನೆಯವರು ಓದಿದ್ದಾರೆಯೇ?" ಉಳಿದವರು ಮೌನ. ಪುಸ್ತಕ ಮತ್ತೆ ಅವರ ಬಾಗಿಲಿಗೆ ಹೋಗಲಿಲ್ಲ.

ಸೋಮಶೇಖರಪ್ಪನವರು ಪಿಂಚಣಿಯ ಒಂದು ಅರ್ಜಿಗೆ ತರೀಕೆರೆಗೆ ಬಂದಿದ್ದಾಗ ತೀರ್ಥಪ್ಪನ ಅಕ್ಷರ ನೋಡಿ ಮರುಳಾಗಿದ್ದರು. "ಏನ್ ಕೈರೀ ನಿಮ್ದು! ನಮ್ಮ ಪುಸ್ತಕಕ್ಕೆ ಬನ್ನಿ. ಅಲ್ಲಿ ಯಾರ ಪರವಾಗೂ ಬರಿಯೋ ಹಂಗಿಲ್ಲ. ನಿಮಗೇನನ್ಸುತ್ತೆ, ಅದನ್ನ ಬರೀಬೇಕು," ಎಂದಿದ್ದರು.

ನಿಮಗೇನನ್ನಿಸುತ್ತೆ. ಆ ರಾತ್ರಿಯೆಲ್ಲ ಆ ಒಂದು ಮಾತು ಬಾಯಲ್ಲಿಟ್ಟುಕೊಂಡು ಮಲಗಿದ್ದ ತೀರ್ಥಪ್ಪ. ಇಪ್ಪತ್ತಾರು ವರ್ಷದಲ್ಲಿ ಸಾವಿರಾರು ಜನ ಅವನ ಎದುರಿನ ಸ್ಟೂಲಿನ ಮೇಲೆ ಕೂತು ಎದ್ದು ಹೋಗಿದ್ದರು. ನಿನಗೇನನ್ನಿಸುತ್ತೆ ತೀರ್ಥಪ್ಪ ಅಂತ ಒಬ್ಬರೂ ಕೇಳಿರಲಿಲ್ಲ. ಸೇರಬೇಕು, ಹೇಗಾದರೂ ಸೇರಬೇಕು, ಸೇರಿದ ಮೇಲೆ ಉಳಿಯಬೇಕು ಅಂತ ಅವತ್ತೇ ಮನಸ್ಸಿಗೆ ಬಂದುಬಿಟ್ಟಿತ್ತು.

ಮೊದಲ ಸುತ್ತು ಸುಖವಾಗಿತ್ತು. ಬರೀ ಓದು. ತುರ್ತು ಪರಿಸ್ಥಿತಿಯ ಎರಡು ವರ್ಷ ಪುಸ್ತಕದಲ್ಲಿ ಉಪ್ಪಿಟ್ಟು ತಿಂಡಿಯೋ ಊಟವೋ ಎಂಬುದನ್ನು ಬಿಟ್ಟರೆ ಬೇರೇನೂ ಚರ್ಚೆಯಾಗಿರಲಿಲ್ಲ. ಅದರ ಬಗ್ಗೆ ಮಾತ್ರ ಬಹಳ ಧೈರ್ಯವಾಗಿ ಬರೆದಿದ್ದರು. ಹೊಗೆಸೊಪ್ಪು ಸುಣ್ಣಕ್ಕೆ ಬೈದದ್ದು, ಸುಣ್ಣ ಬೈಗುಳದ ಕಾಗುಣಿತ ತಿದ್ದಿದ್ದು, ಏಲಕ್ಕಿ ಇಬ್ಬರನ್ನೂ ಸಮಾಧಾನ ಮಾಡಿದ್ದು. ತೀರ್ಥಪ್ಪ ಒಬ್ಬನೇ ನಗುತ್ತಾ ಓದಿದ್ದ. ಕಂಡವರ ಮದುವೆಮನೆಯನ್ನು ಕಿಟಕಿಯಲ್ಲಿ ನಿಂತು ನೋಡುವವನಿಗೆ ಉಡುಗೊರೆಯ ಚಿಂತೆ ಇರುವುದಿಲ್ಲ.

ಈಗ ಬಾಗಿಲಿಂದ ಒಳಗೆ ಬಾ ಎಂದಿದ್ದರು.

ಮನೆಗೆ ಬಂದು, ಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಪುಸ್ತಕ ಬಿಚ್ಚಿದ. ಈ ಸುತ್ತಿನ ಪ್ರಶ್ನೆ ಏಲಕ್ಕಿಯದು. ದುಂಡನೆಯ ಅಕ್ಷರದಲ್ಲಿತ್ತು: "ಕೇಳಬೇಕಾಗಿತ್ತು, ಕೇಳಲಿಲ್ಲ. ಅಂಥದ್ದೇನಾದರೂ ನಿಮ್ಮಲ್ಲಿ ಉಳಿದಿದೆಯೇ?"

ಕೇಳುವುದೇ ಕಸುಬಾದವನಿಗೆ ಇಂಥ ಪ್ರಶ್ನೆ ಸಿಕ್ಕಬೇಕೇ! ಹಾಯಾಯಿತು ಎಂದುಕೊಂಡು ತೀರ್ಥಪ್ಪ ಒಂದು ಬಿಡಿ ಹಾಳೆ ತೆಗೆದುಕೊಂಡ. ಕೈ ತಾನೇ ತಾನಾಗಿ ಓಡಿತು. ನಿಂತಾಗ ನೋಡಿದರೆ ಹಾಳೆಯ ಮೇಲೆ ಹೀಗಿತ್ತು: "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ..."

ಹರಿದು ಹಾಕಿದ. ಇನ್ನೊಂದು ಹಾಳೆ. "ಸದರಿ ವಿಚಾರದಲ್ಲಿ ನಾನು ಬಡವನಾಗಿದ್ದು..." ಅದನ್ನೂ ಹರಿದ. ಮೂರನೆಯದರಲ್ಲಿ 'ನಾನು' ಎಂದು ಬರೆದು ಪೆನ್ನು ಎತ್ತಿ ಕೂತ. 'ನಾನು' ಆದಮೇಲೆ ಏನು? ಬೇರೆಯವರ 'ನಾನು' ಆದರೆ ಅವರೇ ಮುಂದಕ್ಕೆ ಹೇಳುತ್ತಿದ್ದರು. ಎದುರಿಗೆ ಯಾರೂ ಇಲ್ಲದ 'ನಾನು', ಬಾವಿಯಲ್ಲಿ ಬಿದ್ದ ಕೊಡದಂತೆ, ಹಾಳೆಯ ಮೇಲೆ ಸುಮ್ಮನೆ ಬಾಯಿ ಬಿಟ್ಟುಕೊಂಡಿತ್ತು.

ಎರಡು ದಿನ ಅನ್ನ ಸೇರಲಿಲ್ಲ. ಹೆಬ್ಬೆರಳಿನ ಉಗುರು ಕಚ್ಚಿ ಕಚ್ಚಿ ರಕ್ತ ಬಂತು. ಮೂರನೇ ದಿನ ಮಧ್ಯಾಹ್ನ ಊಟಕ್ಕೆಂದು ಬಂದವನು ತಟ್ಟೆಯ ಮುಂದೆ ಕೂತು ನಿಟ್ಟುಸಿರು ಬಿಟ್ಟ.

ಹೆಂಡತಿ ಕಾಶಮ್ಮ ಬಾಗಿಲ ಬೆಳಕಿಗೆ ಕೂತು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. "ಏನ್ರೀ ಅದು, ಆ ಪುಸ್ತಕ ಬಂದಾಗ್ಲಿಂದ ಹೊಟ್ಟೆನೋವು ಬಂದೋರ ಹಂಗೆ ಕೂತ್ಕೊಂಡಿದ್ದೀರಾ? ಅದ್ರಲ್ಲಿ ಏನ್ ಕೇಳವ್ರೆ ಅಂಥಾದ್ದು?"

"ನಿಂಗೆ ಅರ್ಥ ಆಗಲ್ಲ ಬಿಡು."

"ಅರ್ಥ ಆಗೋರಿಗೆ ಬರಿಯೋಕಾಯ್ತಾ?"

ತೀರ್ಥಪ್ಪ ಸೋತು ಪ್ರಶ್ನೆ ಓದಿ ಹೇಳಿದ. ಕಾಶಮ್ಮ ತಲೆ ಎತ್ತಲಿಲ್ಲ. ಒಂದು ಕಲ್ಲು ಎತ್ತಿ ಹೊಸಿಲಾಚೆ ಎಸೆದಳು. ಇನ್ನೊಂದು ಎಸೆದಳು.

"ನಾನು ರೈಲಲ್ಲಿ ಒಂದ್ ಸಲಾನೂ ಕಿಟಕಿ ಪಕ್ಕ ಕೂತಿಲ್ಲ," ಎಂದಳು. "ಮದ್ವೆಯಾದಾಗ್ಲಿಂದ ವರ್ಷಕ್ಕೊಂದ್ ಸಲ ತವರಿಗೆ ಹೋಗ್ತೀನಲ್ಲ, ಇಲ್ಲಿ ಹತ್ತಿ, ಬೀರೂರಲ್ಲಿ ಗಾಡಿ ಬದಲಾಯ್ಸಿ, ಅಜ್ಜಂಪುರಕ್ಕೆ. ಇಪ್ಪತ್ತೆರಡು ವರ್ಷ ಆಯ್ತು. ಕೂರ್ತೀನಿ ಅಂತ ಕೇಳ್ಲಿಲ್ಲ. ಕೇಳಿದ್ರೆ ಬ್ಯಾಡ ಅಂತಿರ್ಲಿಲ್ಲ. ಅದ್ಕೇ ಕೇಳ್ಲಿಲ್ವೋ ಏನೋ. ನಾನ್ ನೋಡಿರೋ ದಾರಿಯೆಲ್ಲ ಕಿಟಕಿ ಹತ್ರ ಕೂತೋರ ಕಿವಿ ಪಕ್ದಲ್ಲಿ ನೋಡಿದ್ದು. ಕಿವಿ ಅಲ್ಲಾಡಿದ್ರೆ ಕೆರೆ ಕಾಣುತ್ತೆ. ಅಲ್ಲಾಡ್ದಿದ್ರೆ ಇಲ್ಲ." ಮೊರ ಕೊಡವಿದಳು. "ಸಾರು ಇನ್ನೊಂಚೂರು ಹಾಕ್ಲಾ?"

ತೀರ್ಥಪ್ಪನ ಕೈ ತಟ್ಟೆಯಲ್ಲಿ ನಿಂತಿತ್ತು. ಅದು ಹೆಂಡತಿ ಹೇಳಿದ ಮಾತು ಅಂತ ಅವನಿಗೆ ಅನ್ನಿಸಲೇ ಇಲ್ಲ. ಸ್ಟೂಲಿನ ಮೇಲೆ ಕೂತವರು ಹೇಳಿದ ಮಾತಿನಂತೆ ಅದು ಕಿವಿಯಿಂದ ನೇರ ಕೈಗಿಳಿಯಿತು. ಕೈ ತೊಳೆದವನೇ ಪುಸ್ತಕ ತೆಗೆದ. ಒಂದು ಮಾತನ್ನೂ ಹೊಡೆದುಹಾಕದೆ, ಒಂದೇ ಉಸಿರಿಗೆ ಬರೆದ. 'ತವರು' ಎಂಬ ಪದವೊಂದನ್ನು ಬಿಟ್ಟ. ಉಳಿದದ್ದರಲ್ಲಿ ಹೇಳಿದವರು ಗಂಡಸೋ ಹೆಂಗಸೋ ಗೊತ್ತಾಗುವಂತಿರಲಿಲ್ಲ. ಮುಗಿಸಿ ಒಮ್ಮೆ ಓದಿಕೊಂಡಾಗ ಕಣ್ಣು ಮಂಜಾಯಿತು. ಎಷ್ಟು ಚೆನ್ನಾಗಿ ಬರೆದುಬಿಟ್ಟೆನಲ್ಲ ಎಂದುಕೊಂಡ. ಕೆಳಗೆ ಹೆಸರು ಹಾಕಿ, ಒತ್ತುಕಾಗದ ಒತ್ತಿ, ಬಾಳೆನಾರು ಬಿಗಿದಿಟ್ಟು, ಸಂತೆಯ ದಿನ ಕೆಂಚಪ್ಪನ ಬುಟ್ಟಿಗೆ ಹಾಕಿದ.

ಆಮೇಲೆ ಶುರುವಾಯಿತು ನೋಡಿ, ಕಾಯುವುದು.

ಪುಸ್ತಕ ಒಂದು ಸುತ್ತು ಬರಲು ಐದಾರು ವಾರ. ಈಗ ಬೀರೂರಿನಲ್ಲಿರಬಹುದು, ಕಲ್ಲೇಶಪ್ಪ ಎಲೆ ಅಗಿಯುತ್ತಾ ಓದುತ್ತಿರಬಹುದು, ನಗುತ್ತಿರಬಹುದು. ಈಗ ಕಡೂರು, ಸೋಮಶೇಖರಪ್ಪನವರು ಕನ್ನಡಕ ಒರೆಸುತ್ತಿರಬಹುದು. ಕೇವಲ ಕಿಟಕಿ! ಎಲ್ಲರೂ ತತ್ವ ಬರೆದಿದ್ದಾರೆ, ತಾನು ಕಿಟಕಿ ಬರೆದೆ. ಮೂವರು ಉತ್ತರ ಬರೆಯುತ್ತಾರೆಯೇ? ಇಬ್ಬರು ಬರೆದು ನಿಂತುಬಿಟ್ಟರೆ? ಹೊಂಗೆಮರದಿಂದ ಎಲೆ ಉದುರಿದರೂ ತೊಟ್ಟು ಮುರಿದ ಸದ್ದು ಕೇಳಿದಂತಾಗಿ ತೀರ್ಥಪ್ಪ ಬೆಚ್ಚುತ್ತಿದ್ದ.

ಒಂದು ದಿನ ಓಬಮ್ಮ ಎಂಬ ಮುದುಕಿ ವಿಧವಾ ವೇತನಕ್ಕೆ ಅರ್ಜಿ ಬರೆಸಲು ಬಂದಳು. ಬರೆದಾಯಿತು. ಹೆಬ್ಬೆಟ್ಟು ಹಾಕಿಸುವ ಮೊದಲು ಬರೆದದ್ದನ್ನು ಪೂರ್ತಿ ಓದಿ ಹೇಳುವುದು ತೀರ್ಥಪ್ಪನ ಕಟ್ಟುನಿಟ್ಟು. ಓದಿ ಹೇಳದೆ ಒತ್ತಿಸಿಕೊಳ್ಳುವ ಅರ್ಜಿ ಬರೆಯುವವರು ಆ ಮರಗಳ ಸಾಲಿನಲ್ಲೇ ಇಬ್ಬರಿದ್ದರು. ಅವರ ನೆರಳೂ ಅವನಿಗೆ ಆಗುತ್ತಿರಲಿಲ್ಲ. ಗಂಟಲು ಸರಿಮಾಡಿಕೊಂಡು ಓದಿದ: "ನನ್ನ ಗಂಡ ತೀರ್ಥಪ್ಪನವರು ಮೂರು ವರ್ಷದ ಹಿಂದೆ ತೀರಿಕೊಂಡು..."

"ನಿಲ್ಸಪ್ಪಾ," ಎಂದಳು ಓಬಮ್ಮ. "ನನ್ ಗಂಡನ ಹೆಸ್ರು ಚಿಕ್ಕಬೀರಪ್ಪ. ತೀರ್ಥಪ್ಪ ನೀನಲ್ವೇನೋ? ಯಾವಾಗ್ ಸತ್ತೆ? ನಂಗ್ಯಾರೂ ಹೇಳ್ಲೇ ಇಲ್ಲ!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ತೀರ್ಥಪ್ಪ ಬೆವರುತ್ತಾ ಹೊಸ ಹಾಳೆ ತೆಗೆದ.

ಆರನೇ ವಾರ ಕೆಂಚಪ್ಪ ಬಂದ. ಬುಟ್ಟಿ ಇಳಿಸಿದ. ಬೀಡಿ ಹಚ್ಚಿದ. ಎಲೆಗೆ ನೀರು ಚಿಮುಕಿಸಿದ. ಪುಸ್ತಕದ ಮಾತೇ ಎತ್ತಲಿಲ್ಲ.

"ಕೆಂಚಪ್ಪಾ, ಇಲ್ವಾ?"

"ಐತೆ ಐತೆ," ಎಂದು ಕೆಂಚಪ್ಪ ಅವನ ಮುಖ ನೋಡದೆ ಪುಸ್ತಕ ತೆಗೆದುಕೊಟ್ಟ. "ನಂಗೆ ಓದೋಕ್ ಬರಲ್ಲ ಸ್ವಾಮೀ. ಆದ್ರೆ ಬೀರೂರಲ್ಲಿ ಕಲ್ಲೇಶಪ್ನೋರು ಓದಿ ಓದಿ ಮೂಗಿನ ಮೇಲೆ ಬೆಟ್ಟಿಟ್ಕೊಂಡ್ರು. ಕಡೂರಿನ ಮೇಷ್ಟ್ರು, ಇದು ಗಂಭೀರವಾದ ವಿಚಾರ ಅಂದ್ರು. ಏನ್ ಬರದ್ರಿ ಅಂಥದ್ದು, ಬಯ್ದಿದ್ದೀರಾ ಯಾರಿಗಾದ್ರೂ?"

ತೀರ್ಥಪ್ಪ ಮೇಜಿನ ಮೇಲೆಯೇ ಬಿಚ್ಚಿದ. ಮೊದಲು ಕಂಡದ್ದು ಹೊಗೆಸೊಪ್ಪಿನ ಒರಟು ಅಕ್ಷರ.

"ಬರಹ ಬೊಂಬಾಟ್. ಆದರೆ ತೊಟ್ಟಿನವರು ಕೆಳಗೆ ಏನು ಮಾಡಿದ್ದಾರೆ ನೋಡಿ. ರುಜುವಿನ ಜಾಗ ಖಾಲಿ. ಅದರ ಕೆಳಗೆ 'ಬಿಕ್ಕಲಂ ತೀರ್ಥಪ್ಪ'! ಬಿಕ್ಕಲಂ ಹಾಕುವುದು ಬೇರೆಯವರ ಪತ್ರ ಬರೆದುಕೊಟ್ಟವರು. ಹಾಗಾದರೆ ಇದು ಯಾರ ಪತ್ರ? ಅರ್ಜಿದಾರರು ಎಲ್ಲಿ?"

ತೀರ್ಥಪ್ಪ ಪುಟ ಹಿಂದಕ್ಕೆ ತಿರುಗಿಸಿದ. ಹೌದು. ತನ್ನದೇ ಮುದ್ದಾದ ಅಕ್ಷರ. ಬರಹ ಮುಗಿದ ಮೇಲೆ ಎರಡು ಬೆರಳಷ್ಟು ಜಾಗ ಬಿಟ್ಟು, ಅಲ್ಲಿ ಗೆರೆಯನ್ನೂ ಎಳೆದು, ಅದರ ಕೆಳಗೆ ಎಡಮೂಲೆಯಲ್ಲಿ ಸಣ್ಣದಾಗಿ 'ಬಿಕ್ಕಲಂ ತೀರ್ಥಪ್ಪ' ಎಂದು ಬರೆದಿತ್ತು. ಬರೆದದ್ದು ನೆನಪೇ ಇರಲಿಲ್ಲ. ಇಪ್ಪತ್ತಾರು ವರ್ಷ ಪ್ರತಿ ಕಾಗದದ ಕೊನೆಗೆ ಮಾಡಿದ್ದನ್ನು ಕೈ ಇಲ್ಲಿಯೂ ಮಾಡಿತ್ತು. ಯಜಮಾನ ಸುಳ್ಳು ಹೇಳಲು ಹೊರಟಾಗ ಆಳು ನಡುವೆ ಬಾಯಿಹಾಕಿ ನಿಜ ಹೇಳಿಬಿಟ್ಟಂತೆ.

ಮುಂದೆ ಏಲಕ್ಕಿ ಬರೆದಿದ್ದಳು: "ಯಾರದ್ದೇ ಆಗಲಿ. ನಾನು ಮೂರು ಸಲ ಓದಿದೆ. ಇವರು ಬರುವುದು ನಮ್ಮೂರಿಗೇ ಎಂದು ತಿಳಿದು ಸ್ಟೇಷನ್ನಿನ ಕಡೆ ಹೋದಾಗಲೆಲ್ಲ ಕಿಟಕಿ ನೋಡುತ್ತಿದ್ದೇನೆ."

ಕೊನೆಗೆ ಸುಣ್ಣ, ಕೆಂಪು ಶಾಯಿಯಲ್ಲಿ: "ಮೂವರು ಉತ್ತರಿಸಿದ್ದೇವೆ. ಆದ್ದರಿಂದ ನಾಲ್ಕನೇ ನಿಯಮದ ತೊಂದರೆ ಇಲ್ಲ. ಆದರೆ ಮೂರನೇ ನಿಯಮ: ಸ್ವಂತದ್ದಾಗಿರತಕ್ಕದ್ದು. ತೀರ್ಥಪ್ಪನವರೇ, ನಿಮ್ಮದೇ ಮಾತಾದರೆ ಖಾಲಿ ಜಾಗದಲ್ಲಿ ನಿಮ್ಮ ರುಜು ಹಾಕಿ ಕಳಿಸಿ. ಅಭ್ಯಾಸಬಲದ ತಪ್ಪೆಂದು ತಿಳಿದು ನಿಮ್ಮನ್ನು ಖಾಯಂ ಮಾಡಲಾಗುವುದು."

ಎಷ್ಟು ಸುಲಭ. ಒಂದು ರುಜು. ತೀರ್ಥಪ್ಪ ಪೆನ್ನಿನ ಮುಚ್ಚಳ ತೆಗೆದ. ಖಾಲಿ ಗೆರೆಯ ಮೇಲೆ ನಿಬ್ಬು ತಂದ. ಒಂಬತ್ತು ಮನೆಯ ಬಾಗಿಲು, ಅಲ್ಲಿ ಒಳಗೆ ಆಗಲೇ ಹಾಸಿದ ಚಾಪೆ, ಅದರಲ್ಲಿ ತನಗೆಂದು ಬಿಟ್ಟ ಜಾಗ, ಎಲ್ಲ ಆ ಗೆರೆಯ ಆಚೆಗೆ ಕಾಣುತ್ತಿತ್ತು.

ಆದರೆ ಕೈ ಇಳಿಯಲಿಲ್ಲ. ಆ ಜಾಗಕ್ಕೆ ಅವನು ಜೀವಮಾನದಲ್ಲಿ ಎಂದೂ ರುಜು ಹಾಕಿರಲಿಲ್ಲ. ಅದು ಎದುರು ಕೂತವರ ಜಾಗ. ಕಾಗದದಲ್ಲಿ ಅವರಿಗೆ ಅಂತ ಇರುವುದೇ ಅಷ್ಟು. ಅದಕ್ಕೂ ಮೊದಲು ಓದಿ ಹೇಳಬೇಕು. ಅವನು ಓದಿ ಹೇಳಿಯೂ ಇರಲಿಲ್ಲ.

ಅವತ್ತು ತೀರ್ಥಪ್ಪ ಇಂಕ್ ಪ್ಯಾಡನ್ನು ಜೇಬಿಗೆ ಹಾಕಿಕೊಂಡು ಹೊತ್ತಿಗೆ ಮುಂಚೆಯೇ ಮನೆಗೆ ಬಂದ.

"ಕಾಶೀ, ಇಲ್ಲಿ ಬಾ. ಒಂದ್ ಓದಿ ಹೇಳ್ತೀನಿ."

"ಒಲೆ ಮೇಲೆ ಹಾಲೈತೆ, ಅಲ್ಲಿಂದ್ಲೇ ಓದ್ರಿ."

"ಇಲ್ಲ. ಎದುರಿಗೇ ಕೂರ್ಬೇಕು."

ಅವನ ದನಿ ಕೇಳಿ ಕಾಶಮ್ಮ ಹಾಲಿಳಿಸಿ ಬಂದಳು. ತೀರ್ಥಪ್ಪ ಮಣೆ ಹಾಕಿ ಕೂರಿಸಿದ. ಪೂರ್ತಿ ಓದಿದ. ಮುಗಿದ ಮೇಲೆ ತಲೆ ಎತ್ತಲು ಧೈರ್ಯ ಸಾಲದೆ ಪುಟವನ್ನೇ ನೋಡುತ್ತಾ ಕೂತ.

"ಇದು ನಾನ್ ಹೇಳಿದ್ದಲ್ವಾ?" ಎಂದಳು ಕಾಶಮ್ಮ.

"ಹೂಂ."

"ಇದ್ನ ಊರೂರಿಗೆ ಕಳ್ಸಿದ್ರಾ?"

"ಹೂಂ."

"ನೀವ್ ಹೇಳಿದ್ದು ಅಂತ?"

ಅವಳು ಮೊದಲು ಬಾಯಿಗೆ ಸೆರಗು ಹಿಡಿದಳು, ಆಮೇಲೆ ತಡೆಯಲಾರದೆ ನಕ್ಕುಬಿಟ್ಟಳು. "ಅಲ್ಲಾ ಕಣ್ರೀ, ಇಪ್ಪತ್ತೆರಡು ವರ್ಷ ಕಿಟಕಿ ಬಿಟ್ಟು ಅಲ್ಲಾಡ್ದೋರು ನೀವು! ಊರು ಬಂತಾ ನೋಡ್ಬೇಕು, ಸಾಮಾನು ನೋಡ್ಬೇಕು ಅಂತ ಹತ್ತುತ್ಲೂ ಹೋಗಿ ಕೂತ್ಬಿಡ್ತಿದ್ರಿ. ಆ ಕಿವಿ ಯಾರ್ದು ಅನ್ಕೊಂಡ್ರಿ? ನಿಮ್ದೇ! ಕಿವಿಯಿರೋರೇ ಹೋಗಿ, ನಂಗೆ ಕೆರೆ ಕಾಣ್ಲಿಲ್ಲ ಅಂತ ಬರ್ಕೊಂಡ್ರಲ್ಲಾ!"

ನಗುತ್ತಾ ನಗುತ್ತಾ ಅವಳ ಮುಖ ಇಳಿಯಿತು.

"ತವರು ಅಂದಿದ್ದೆ," ಎಂದಳು. "ಅದೆಲ್ಲಿ ಹೋಯ್ತು?"

ತೀರ್ಥಪ್ಪ ಸಾಲಿನ ನಡುವೆ ಒಂದು ಗುರುತು ಹಾಕಿ ಮೇಲೆ 'ತವರಿಗೆ' ಎಂದು ಸೇರಿಸಿದ. ಪಕ್ಕದಲ್ಲಿ ತಿದ್ದುಪಡಿ ಸರಿ ಎಂದು ಬರೆದ. ಪ್ಯಾಡು ತೆರೆದು ಇಟ್ಟ. "ಇಲ್ಲಿ ನಿನ್ನ ಹೆಬ್ಬೆಟ್ಟು ಬೇಕು. ಹಾಕಿದ್ರೆ ನನ್ನನ್ನ ಪುಸ್ತಕದಿಂದ ತೆಗೀತಾರೆ. ಸ್ವಂತದ್ದಲ್ಲ ಅಂತ."

"ಹಾಕ್ದಿದ್ರೆ?"

"ನಾನೇ ರುಜು ಹಾಕ್ಬಹುದು. ಇಟ್ಕೋತಾರೆ."

ಕಾಶಮ್ಮ ಅವನ ಮುಖವನ್ನು ನೋಡಿದಳು. ಉಗುರು ಕಚ್ಚಿಕೊಂಡ ಬೆರಳನ್ನು ನೋಡಿದಳು. ಈ ಆರು ವಾರ ಅವನು ತಿಂದದ್ದೆಷ್ಟು ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? "ನಿಮ್ಗೆ ಅಷ್ಟೊಂದ್ ಆಸೆ ಇದ್ರೆ ನೀವೇ ಹಾಕ್ಕಳ್ರಿ. ನಂಗೇನ್ ಮಾಡ್ಬೇಕು ಅದು?"

ಅವಳು ಮನಸಾರೆಯೇ ಹೇಳಿದ್ದಳು. ತೀರ್ಥಪ್ಪನಿಗೆ ಅದೇ ತಡೆಯಲಾಗಲಿಲ್ಲ. ಅವಳ ಕೈ ಹಿಡಿದು ಹೆಬ್ಬೆರಳನ್ನು ಪ್ಯಾಡಿನ ಮೇಲೆ ಹೊರಳಿಸಿದ. ಸಾವಿರ ಹೆಬ್ಬೆರಳು ಹಿಡಿದ ಕೈ. ಈ ಹೆಬ್ಬೆರಳು ಎಷ್ಟು ಒರಟಾಗಿದೆಯೆಂದು ಅವತ್ತೇ ತಿಳಿದದ್ದು. ಖಾಲಿ ಜಾಗದಲ್ಲಿ ಗುರುತು ಸ್ಪಷ್ಟವಾಗಿ ಬಿತ್ತು. ಸುತ್ತಲೂ ಬರೆದ: 'ಕಾಶಮ್ಮ, ಓದಿ ಹೇಳಿದ್ದನ್ನು ಕೇಳಿ ಒಪ್ಪಿ ಹಾಕಿದ ಹೆಬ್ಬೆಟ್ಟು.' ಕಾಶಮ್ಮ ಬಗ್ಗಿ ಅದರ ಮೇಲೆ ಉಫ್ ಉಫ್ ಎಂದು ಊದಿದಳು.

ಎರಡನೇ ಸಲದ ಕಾಯುವಿಕೆ ಮೊದಲಿನದಕ್ಕಿಂತ ಕೆಟ್ಟದ್ದು. ಮೊದಲಿನದರಲ್ಲಿ ಆಸೆ ಇತ್ತು. ಇದರಲ್ಲಿ ಆಸೆ ಇರಬಾರದು ಎಂಬ ಬುದ್ಧಿಯೂ, ಆದರೂ ಇದ್ದ ಆಸೆಯೂ ಸೇರಿ ಹಗಲೂ ರಾತ್ರಿ ಜಗಳವಾಡುತ್ತಿದ್ದವು. ಬೀರೂರಿನ ಕಡೆಯ ಗಾಡಿಯ ಸಿಳ್ಳೆ ಕೇಳಿದಾಗಲೆಲ್ಲ ಪೆನ್ನು ನಿಲ್ಲುತ್ತಿತ್ತು. ಒಮ್ಮೆ ಸಂತೆಗೆ ಕೆಂಚಪ್ಪ ಬರಲೇ ಇಲ್ಲ. ಪುಸ್ತಕ ದಾಟಿ ಹೋಯಿತು, ಹೇಳಲು ಸಂಕೋಚಪಟ್ಟು ಕೆಂಚಪ್ಪನೂ ದಾರಿ ಬದಲಿಸಿದ ಎಂದುಕೊಂಡ. ಮುಂದಿನ ಸಂತೆಗೆ ಗೊತ್ತಾದದ್ದು, ಅವನಿಗೆ ಜ್ವರ ಬಂದಿತ್ತಂತೆ.

"ನನ್ ಜ್ವರಾನ ಕೇಳೋರೇ ಇಲ್ಲ, ಎಲ್ಲಾ ಪುಸ್ತಕ ಪುಸ್ತಕ ಅಂತೀರಾ," ಎಂದು ಗೊಣಗುತ್ತಾ ಕೆಂಚಪ್ಪ ಬುಟ್ಟಿಯೊಳಗೆ ಕೈ ಇಳಿಸಿದ. ಪುಸ್ತಕ ಈಚೆ ಬಂತು. ಹೊದಿಕೆ ಹೊಸದು. "ಇದು ನಿಮ್ಗಲ್ವಂತೆ ಕಣ್ರೀ. ಕಡೂರು ಮೇಷ್ಟ್ರು ಹೇಳಿ ಕಳ್ಸವ್ರೆ, ಅಮ್ಮಾವ್ರ ಕೈಗೇ ಕೊಡ್ಬೇಕಂತೆ. ಆದ್ರೆ ಅಷ್ಟ್ ದೂರ ಯಾರ್ ನಡೀತಾರೆ, ನೀವೇ ಒಯ್ದು ಕೊಡ್ರಿ."

ಹೊದಿಕೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದಿತ್ತು: 'ಶ್ರೀಮತಿ ಕಾಶಮ್ಮನವರಿಗೆ.' ಕೆಳಗೆ, ಸಣ್ಣದಾಗಿ: 'ಮಾರ್ಫತ್ ತೀರ್ಥಪ್ಪ.'

ಸಂಜೆ ಬಾಗಿಲ ಬೆಳಕಿನಲ್ಲಿ ಕಾಶಮ್ಮ ಮೊರ ಹಿಡಿದು ಕೂತಿದ್ದಳು. ತೀರ್ಥಪ್ಪ ಎದುರಿಗೆ ಕೂತು ಸುಣ್ಣದ ತೀರ್ಪು ಓದಿದ. "ಕಾಶಮ್ಮನವರನ್ನು 'ಲವಂಗ' ಎಂಬ ಹೆಸರಿನಿಂದ ಸೇರಿಸಿಕೊಳ್ಳಲಾ‌ಗಿದೆ. ತೊಟ್ಟನ್ನು ನಿಯಮದ ಪ್ರಕಾರ ಮುರಿಯಬೇಕಾಗಿತ್ತು. ಆದರೆ ಲವಂಗಕ್ಕೆ ಓದು ಬರಹ ಬಾರದ ಕಾರಣ ತೊಟ್ಟನ್ನು ಸದ್ಯಕ್ಕೆ ಹಾಗೆಯೇ ಬಿಡಲಾಗಿದೆ." ಅದರ ಕೆಳಗೆ ಹೊಗೆಸೊಪ್ಪು: "ಇಷ್ಟು ವರ್ಷಕ್ಕೆ ಪುಸ್ತಕದಲ್ಲಿ ಸುಳ್ಳು ಹೇಳಲಾರದ ರುಜು ಒಂದು ಬಿತ್ತು. ಇರಲಿ."

"ಹಂಗಂದ್ರೆ ನೀವ್ ಒಳಗಾ ಹೊರಗಾ?" ಎಂದಳು ಕಾಶಮ್ಮ.

"ಗೊತ್ತಾಗ್ತಿಲ್ಲ," ಎಂದ ತೀರ್ಥಪ್ಪ. "ಹೊಸಿಲ ಮೇಲೆ."

"ಪ್ರಶ್ನೆ ಏನ್ ಕೇಳವ್ರೆ ಈ ಸಲ?"

ಈ ಸುತ್ತಿನ ಪ್ರಶ್ನೆ ಹೊಗೆಸೊಪ್ಪಿನದು. ತೀರ್ಥಪ್ಪ ಓದಿ ಹೇಳಿದ: "ಮನುಷ್ಯ ಸುಳ್ಳು ಹೇಳದೆ ಎಷ್ಟು ದಿನ ಇರಬಲ್ಲ?"

ಓದಿ, ಪೆನ್ನಿನ ಮುಚ್ಚಳ ತೆಗೆದು, ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು, ಸ್ಟೂಲಿನವರ ಎದುರು ಕೂರುವಂತೆ ಕಿವಿ ಮುಂದೆ ಮಾಡಿ ಕೂತ. "ಹೂಂ. ಹೇಳು, ಬರ್ಕೋತೀನಿ."

ಕಾಶಮ್ಮ ಒಂದು ಕಲ್ಲು ಎತ್ತಿದಳು. ಎಸೆಯಲಿಲ್ಲ.

"ನಾನ್ ಆಮೇಲೆ ಹೇಳ್ತೀನಿ," ಎಂದಳು. "ಮೊದ್ಲು ನೀವ್ ಹೇಳ್ರಿ. ನಿಮ್ಗೇನ್ ಅನ್ಸುತ್ತೆ?"

ತೀರ್ಥಪ್ಪ ಬಾಯಿ ತೆರೆದ. ಕಾಶಮ್ಮ ಮೊರವನ್ನು ತೊಡೆಯಿಂದ ಇಳಿಸಿ ಪಕ್ಕಕ್ಕೆ ಇಟ್ಟಳು. ಕಲ್ಲು ಅವಳ ಬೆರಳ ನಡುವೆಯೇ ಇತ್ತು. ಹೊರಗೆ ಬೀರೂರಿನ ಗಾಡಿ ಸಿಳ್ಳೆ ಹಾಕಿ ಹೋಯಿತು. ನಿಬ್ಬಿನ ತುದಿಯಲ್ಲಿ ಶಾಯಿ ನಿಧಾನವಾಗಿ ಒಣಗತೊಡಗಿತು.